ವಾಡೆಯ ಸುತ್ತ ಬಾಗಿದ ದಾರಿ

ಓದುವ ಮಹನೀಯರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮುಂದೆ ಬರುವ ಬರವಣಿಗೆಯಲ್ಲಿ ಕೊಲೆಯಿಲ್ಲ, ಕೊಲೆಗಾರನ ಬೆನ್ನಟ್ಟುವ ಪತ್ತೇದಾರನಿಲ್ಲ, ವೇಷ ಮರೆಸಿಕೊಂಡ ರಾಜಕುಮಾರಿಯೂ ಇಲ್ಲ. ಇವೆಲ್ಲ ಇರುವ ಅಗ್ಗದ ಪುಸ್ತಕಗಳಿಂದಲೇ ನಾನು ಅಕ್ಷರ ಕಲಿತವನಾದ್ದರಿಂದ ಇವುಗಳ ಅಭಾವಕ್ಕಾಗಿ ನನಗೂ ಸಂಕೋಚವಿದೆ. ಇಲ್ಲಿರುವುದು ಜಾಗವು ಹೇಗೆ ಬಾಗುತ್ತದೆ, ಬಾಗಿದ ಜಾಗದಲ್ಲಿ ಅಡ್ಡದಾರಿ ಎಲ್ಲಿರುತ್ತದೆ ಎಂಬ ವಿಚಾರ. ಇದು ಸೂರ್ಯನಿಗೂ ನಕ್ಷತ್ರಗಳಿಗೂ ಸಂಬಂಧಪಟ್ಟ ವಿದ್ಯೆಯೆಂದು ಬಲ್ಲವರು ಹೇಳುತ್ತಾರೆ. ನಾನು ಅದನ್ನು ಕಂಡದ್ದು ದೇವದುರ್ಗ ಸೀಮೆಯ ಒಂದು ಹಳ್ಳಿಯಲ್ಲಿ, ನನ್ನ ತಾಯಿಯ ಪಾದಗಳಲ್ಲಿ. ತಿಳಿದವರು ಇದರಲ್ಲಿ ತಪ್ಪು ಕಂಡರೆ ಗಣಿತದ್ದನ್ನು ತಿದ್ದಬಹುದು, ಪಾದಗಳದ್ದನ್ನು ಹಾಗೆಯೇ ಬಿಡಬೇಕೆಂದು ಪ್ರಾರ್ಥನೆ.

ಆಗ ಮಹಾಯುದ್ಧ ನಡೆದಿತ್ತು. ರಾಯಚೂರಿನ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ನಾನು ಹತ್ತಿಯ ಅಂಡಿಗೆ, ಶೇಂಗಾದ ಚೀಲ ಹೊರುವ ಹಮಾಲನಾಗಿದ್ದೆ. ಸಿಪಾಯಿಗಳ ರೈಲು ನೀರಿಗೆಂದು ನಿಂತಾಗ ಗೋರಾ ಸಿಪಾಯಿಗಳು ಓದಿ ಮುಗಿಸಿದ ಪುಸ್ತಕಗಳನ್ನು ಕಿಟಕಿಯಿಂದ ಎಸೆಯುತ್ತಿದ್ದರು. ಅವನ್ನು ಆರಿಸಿಕೊಂಡು ಹಳೆಯ ಕಾಗದದ ವ್ಯಾಪಾರಿ ಅಮೀರ್ ಸಾಬ್ ಇದ್ದಲ್ಲಿಗೆ ಒಯ್ಯುವುದು ನನ್ನ ವಾಡಿಕೆ. ಅಮೀರ್ ಸಾಬ್ ಹಿಂದೆ ತಾರು ಮಾಸ್ತರರ ಕೈಕೆಳಗೆ ಇದ್ದವರು; ಇಂಗ್ಲಿಷು ಓದಬಲ್ಲವರು; ಓದಿದ್ದನ್ನು ನನಗೆ ತಿರುಗಿಸಿ ಹೇಳದಿದ್ದರೆ ಊಟ ಸೇರದವರು. ಆ ದಿನವೂ ಬೇರೆ ದಿನಗಳಂಥದೇ. ಹಿಂದಿನ ರಾತ್ರಿ ಮಳೆಯಾಗಿ ಕೋಟೆಯ ಕಂದಕದ ಬದಿಯ ಬಯಲು ಮೆತ್ತಗಾಗಿತ್ತು. ಕಂಕುಳಲ್ಲಿ ಎರಡು ಪುಸ್ತಕ ಅವುಚಿಕೊಂಡು, ಏನೂ ಯೋಚಿಸದೆ ಬಯಲು ದಾಟಿ ಬಂದ ನನ್ನನ್ನು ಅಮೀರ್ ಸಾಬ್ ಅಂಗಡಿಯ ಮುಂದಿನ ನುಲಿಯ ಮಂಚದ ಮೇಲಿಂದಲೇ ತಡೆದು ಕೇಳಿದರು:

"ಅರೇ ಮಿಯಾಂ ಸುಂಕಪ್ಪಾ, ನಡುವ ಶೈತಾನ ಕೂತಾನೇನು ಅಲ್ಲಿ? ಯಾಕ ಸುತ್ತು ಹಾಕಿ ಬಂದಿ?"

ನಾನು ಹಿಂದಿರುಗಿ ನೋಡಿದೆ. ಬಯಲಿನಲ್ಲಿ ಗಿಡವಿಲ್ಲ, ಕಲ್ಲಿಲ್ಲ, ಕಟ್ಟಿದ ದನವಿಲ್ಲ. ಹಸಿ ಮಣ್ಣಿನ ಮೇಲೆ ನನ್ನ ಹೆಜ್ಜೆಗಳು ಮಾತ್ರ ಒಂದು ದೊಡ್ಡ ಬಿಲ್ಲಿನಂತೆ ಬಾಗಿ, ನಡುವಿನ ಏನೂ ಇಲ್ಲದ ಜಾಗವನ್ನು ಭಕ್ತಿಯಿಂದ ಎಂಬಂತೆ ಬಳಸಿಕೊಂಡು ಬಂದಿದ್ದವು. ಹೊಟ್ಟೆಯೊಳಗಿನದನ್ನು ಯಾರೋ ಸಂತೆಯಲ್ಲಿ ಹರವಿದಂತಾಯಿತು. ಕೆಸರಿತ್ತು ಎಂದೆ. ಕೆಸರು ಎಲ್ಲ ಕಡೆಯೂ ಇತ್ತು. ನನ್ನ ಕಾಲುಗಳು ಬಳಸಿ ಬಂದದ್ದು ನನ್ನ ಊರಿನ ದೇಸಾಯಿಯವರ ವಾಡೆಯನ್ನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮ ಕೇರಿಗೂ ಮೋಟಾರು ಬರುವ ರಸ್ತೆಗೂ ನಡುವೆ ವಾಡೆ ನಿಂತಿದೆ. ಅದರ ಮುಂದೆ ಅಗಲವಾದ ಬೀದಿ. ಆ ಬೀದಿಯಲ್ಲಿ ದನ ಹೋಗುತ್ತವೆ, ಚಕ್ಕಡಿ ಹೋಗುತ್ತವೆ, ನಾಯಿಗಳು ಮಲಗುತ್ತವೆ. ಕೇರಿಯವರು ಮಾತ್ರ ವಾಡೆಯ ಹಿಂದಕ್ಕೆ ಹೊರಳಿ, ತಿಪ್ಪೆಗಳ ಸಾಲು ದಾಟಿ, ಹಳ್ಳಕ್ಕಿಳಿದು, ಹತ್ತಿ, ಸುತ್ತಿಕೊಂಡು ರಸ್ತೆಗೆ ಬರಬೇಕು. ಸಣ್ಣವನಿದ್ದಾಗ ಅವ್ವನ ಸೆರಗು ಹಿಡಿದು, ಇಲ್ಲಿಂದಲೇ ಯಾಕೆ ಹೋಗಬಾರದೆಂದು ಬೀದಿಯತ್ತ ಕೈ ತೋರಿಸಿದ್ದೆ. ಅವ್ವ ಆ ಕಡೆ ನೋಡಿಯೂ ಇರಲಿಲ್ಲ. "ಅಲ್ಲಿ ದಾರಿ ಇಲ್ಲೋ ಯಪ್ಪಾ" ಎಂದಿದ್ದಳು, ಬಾವಿಯಲ್ಲಿ ನೀರಿಲ್ಲ ಎನ್ನುವಷ್ಟು ಸಹಜವಾಗಿ. ಕಣ್ಣೆದುರಿಗೆ ಬಿದ್ದಿದ್ದ ಬೀದಿಯನ್ನು ನಾನೂ ಅಂದಿನಿಂದ ಕಾಣುವುದನ್ನು ಬಿಟ್ಟೆ.

ಅಮೀರ್ ಸಾಬ್ ಹಿಂದಿನ ವಾರ ಶುರು ಮಾಡಿದ್ದ ಪುಸ್ತಕವನ್ನು ಮುಂದುವರಿಸಿದರು. ಅದರಲ್ಲಿ ಒಬ್ಬ ಸಾಹೇಬ ತನ್ನ ಮನೆಯ ಗೋಡೆಯೊಳಗೆ ಕಾಲಿಟ್ಟು, ಕಣ್ಣಿನ ರೆಪ್ಪೆ ಬಡಿಯುವುದರೊಳಗೆ ಮತ್ತೊಂದು ನಕ್ಷತ್ರದ ನೆಲದ ಮೇಲೆ ಇಳಿಯುತ್ತಾನೆ. ಉದ್ದ, ಅಗಲ, ಎತ್ತರ ಎಂಬ ಮೂರರ ಹೊರಗೆ ನಾಲ್ಕನೆಯದೊಂದು ಕಡೆ ಇದೆಯಂತೆ. ಆ ಕಡೆಗೆ ಹೊರಳಲು ಬಂದವನಿಗೆ ದೂರವೆಂಬುದೇ ಇಲ್ಲವಂತೆ. ಕಾಗದದ ಮೇಲೆ ಬದುಕುವ ಚಪ್ಪಟೆ ಹುಳವೊಂದಿದ್ದರೆ ಅದಕ್ಕೆ ಮೇಲೆ ಎಂಬುದು ಗೊತ್ತಿರುವುದಿಲ್ಲ. ಮೇಲೆ ಎಂಬುದು ಮಾತ್ರ ಅದರ ಬೆನ್ನಿಗೆ ಸದಾ ತಾಗಿಕೊಂಡೇ ಇರುತ್ತದೆ. ನಾನು, ದಾರಿ ಯಾತಕ್ಕೆ ಬಾಗುತ್ತದೆ, ಅದನ್ನು ಹೇಳಿರಿ ಎಂದೆ. ಅಮೀರ್ ಸಾಬ್ ಮಂಚದ ತುದಿಯಲ್ಲಿಟ್ಟಿದ್ದ ಪೇರಲ ಹಣ್ಣುಗಳನ್ನು ತೋರಿಸಿ, ತಾವು ನಡುವಿಗೆ ಸರಿದು ಕುಳಿತರು. ನುಲಿ ಕುಸಿಯಿತು. ಹಣ್ಣುಗಳು ಉರುಳಿ ಅವರ ತೊಡೆಗೆ ಬಂದು ನಿಂತವು.

"ನೋಡು, ಹಣ್ಣಿಗೆ ನನ್ನ ಮ್ಯಾಲ ಮೊಹಬ್ಬತ್ ಇಲ್ಲ. ನಾ ಕರದೂ ಇಲ್ಲ. ನಾ ಕೂತೆ, ಜಗಾ ಬಾಗ್ತು. ಸೂರಜ್ ಆಕಾಶದಾಗ ಹಿಂಗ ಕೂತಾನ. ಭಾರ ಇದ್ದಲ್ಲಿ ಜಗಾ ಬಾಗ್ತದ. ಅದರ ಮ್ಯಾಲ ನಡಿಯಾವ ತಾ ನೆಟ್ಟಗ ಹೊಂಟೀನಿ ಅಂತ ತಿಳ್ಕೋತಾನ."

"ನೆಟ್ಟಗ ಅಂತ ತಿಳ್ಕೋತಾನ?"

"ತಿಳ್ಕೋತಾನ ಏನು, ಅವಗ ಅದೇ ನೆಟ್ಟಗ."

ಒಳಗಿನಿಂದ ಅವರ ಹೆಂಡತಿ ಹಾಜಿರಾ ಬೀ ಚಹದ ಕಪ್ಪು ಹಿಡಿದು ಬಂದರು. "ಮಂಚದಾಗ ಚಾಂದ್ ತಾರೆ ತೋರ್ಸೋದು ಸಾಕು. ಮೊದಲ ಆ ನುಲಿ ಬಿಗಿ ಮಾಡ್ರಿ. ನೀವು ಎದ್ದು ಹೋದ ಮ್ಯಾಲೂ ಅದು ಹಂಗೇ ಕುಣಿಯಾಗಿ ಇರ್ತದ" ಎಂದು ಗಂಡನಿಗೆ ಅಂದು, ನನ್ನತ್ತ ತಿರುಗಿದರು. "ಸುಂಕಪ್ಪಾ, ನಿಮ್ಮ ಅಮ್ಮಾಗ ಕಣ್ಣಿಗೆ ಪೊರಿ ಬಂದದ ಅಂತಿದ್ದಿ. ಮಾನ್ವಿ ಧರ್ಮಶಾಲಾದಾಗ ಕಣ್ಣಿನ ಡಾಕ್ಟರ್ ಕೂತಾನ. ನಮ್ಮ ಖಾಲಾಗ, ಅಮ್ಮನ ತಂಗೀಗ, ಕಾಣಾಕತ್ತದ. ಜುಮ್ಮಾ ಆದ ಮ್ಯಾಲ ಹೊಸಬರನ್ನ ತಗೊಳ್ಳಂಗಿಲ್ಲಂತ."

ಜುಮ್ಮಾ ಎಂದರೆ ಶುಕ್ರವಾರ, ಅಂದು ಬುಧವಾರ. ನಾನು ಚಹ ಕುಡಿಯದೆ ಎದ್ದೆ. ಹಿಂದಿನ ವರ್ಷವೂ ಇಂಥ ಡಾಕ್ಟರನೊಬ್ಬ ಬಂದು ಹೋಗಿದ್ದನೆಂದು, ಆಗ ಅವ್ವನ ಒಂದು ಕಣ್ಣಿನಲ್ಲಿ ಇನ್ನೂ ಬೆಳಕಿತ್ತೆಂದು, ನಾನು ಆ ದಿನಗಳಲ್ಲಿ ಹೈದರಾಬಾದಿನ ಕಡೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದೆನೆಂದು ದಾರಿಯುದ್ದಕ್ಕೂ ನೆನಪಾಗುತ್ತಿತ್ತು. ಈ ಸಲ ಹಾಗಾಗಕೂಡದು. ಕಲ್ಮಲದವರೆಗೆ ಹತ್ತಿಯ ಚಕ್ಕಡಿಯಲ್ಲಿ, ಅಲ್ಲಿಂದ ನಡೆದು, ಮತ್ತೆ ಚಕ್ಕಡಿಯಲ್ಲಿ, ಮರುದಿನ ಸಂಜೆಗೆ ಊರು ಮುಟ್ಟಿದೆ. ಮುಟ್ಟುವ ಮೊದಲು ಹಳ್ಳ ದಾಟಬೇಕಾಯಿತು. ಹಳ್ಳ ಸೊಂಟಮಟ್ಟ ಬಂದಿತ್ತು. ಕೆಂಪು ನೀರು ಜಾಲಿಯ ಗಿಡಗಳನ್ನು ಕಿತ್ತು ತರುತ್ತಿತ್ತು. ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಿನ ನಡುವೆ ನಿಂತಾಗ, ಎಡಕ್ಕೆ ವಾಡೆಯ ಹಿಂಗೋಡೆ ಆಕಾಶದ ಅರ್ಧವನ್ನು ಮುಚ್ಚಿಕೊಂಡು ಕಾಣಿಸಿತು. ಅದರ ಆಚೆಯ ಬೀದಿ ಒಣಗಿ ಬೆಚ್ಚಗೆ ಇರುತ್ತದೆ ಎಂಬ ಯೋಚನೆ ಬಂತು. ಬಂತೇ ಹೊರತು ಕಾಲು ಹಳ್ಳವನ್ನೇ ದಾಟಿತು.

ಅವ್ವ ಸೂಗಮ್ಮ ಗುಡಿಸಲ ಬಾಗಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಕಲ್ಲನ್ನು ಬೆರಳೇ ಕಂಡುಹಿಡಿಯುತ್ತಿತ್ತು. ನನ್ನ ಅಣ್ಣ ತಾಯಣ್ಣ ವಾಡೆಯ ದನದ ಕೊಟ್ಟಿಗೆಯ ಆಳು. ಹಿಂಬಾಗಿಲಿನಿಂದ ಒಳಗೆ ಹೋಗಿ ಹಿಂಬಾಗಿಲಿನಿಂದ ಹೊರಗೆ ಬರುವವನು. ನಾಳೆ ಬೆಳಿಗ್ಗೆ ದೇವದುರ್ಗದಿಂದ ಮಾನ್ವಿಗೆ ಹೋಗುವ ಇದ್ದಿಲಿನ ಬಸ್ಸು ಹಿಡಿಯಬೇಕೆಂದು ನಾನು ಹೇಳಿದಾಗ ಅವನು ಮುರಿಯುತ್ತಿದ್ದ ರೊಟ್ಟಿಯಿಂದ ತಲೆ ಎತ್ತಿದ.

"ಹಳ್ಳ ನೋಡೀಯಿಲ್ಲ? ಅವ್ವ ಹ್ಯಾಂಗ ದಾಟತಾಳ?"

"ಹಳ್ಳ ದಾಟಂಗಿಲ್ಲ. ಬೀದ್ಯಾಗ ಹೋಗೂಣು."

"ಯಾವ ಬೀದ್ಯಾಗ?"

ಅವನು ನಿಜವಾಗಿಯೂ ಕೇಳುತ್ತಿದ್ದ. ನಾನು ವಾಡೆಯ ಮುಂದಿನದು ಎಂದೆ. ತಾಯಣ್ಣ ನಕ್ಕ. "ರಾಯಚೂರಾಗ ಕಥಿಪುಸ್ತಕ ಓದಿ ಓದಿ ತಲಿ ಕೆಟ್ಟದ ನಿಂದು. ನೀ ಹೋಗ್ತಿ, ನಾಡದು ರೈಲು ಹತ್ತತಿ. ಇಲ್ಲಿ ಇರಾವ ನಾನು."

"ದೇಸಾಯರು ಊರಾಗ ಇಲ್ಲಲ್ಲ ಅಣ್ಣಾ. ಹೈದರಾಬಾದಿಗೆ ಹೋಗಿ ಎಷ್ಟು ವರ್ಷ ಆತು? ಯಾರದಾರ ವಾಡೇದಾಗ? ಪಾರಿವಾಳ ಅದಾವ, ಕಾರಕೂನ ಶರಣಯ್ಯ ಅದಾನ."

"ಇಲ್ಲಂದ್ರ ಏನಾತು? ವಾಡೆ ಅದಲ್ಲ?"

ಪುಸ್ತಕದ ಪ್ರಕಾರ ಭಾರ ಎದ್ದು ಹೋದರೆ ಜಾಗ ನೆಟ್ಟಗಾಗಬೇಕು. ಹಾಜಿರಾ ಬೀ ಹೇಳಿದ್ದು ಮಾತ್ರ ಬೇರೆ, ಹಳೆಯ ನುಲಿ ಎದ್ದ ಮೇಲೂ ಕುಸಿದೇ ಇರುತ್ತದೆಂದು. ಅವ್ವ ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು, ಮೊರದ ತೊಗರಿಯನ್ನು ಪಕ್ಕಕ್ಕೆ ಸರಿಸಿ, ಯಾರನ್ನೂ ಉದ್ದೇಶಿಸದೆ ಕೇಳಿದಳು: "ಖರೇನೇ ಕಾಣತದೇನೋ?" ಆ ದನಿಯಲ್ಲಿದ್ದ ಆಸೆ ನನಗೆ ನಾಚಿಕೆ ತಂದಿತು. ಎಷ್ಟು ದಿನದಿಂದ ಅದನ್ನು ಆಕೆ ಬಚ್ಚಿಟ್ಟಿದ್ದಳೋ. ತಾಯಣ್ಣ ರೊಟ್ಟಿಯ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಹೊರಗೆ ಹೋದ.

ಬೆಳಿಗ್ಗೆ ಅವ್ವನ ಕೈ ಹಿಡಿದು ಹೊರಟೆ. ಕೇರಿಯ ಕೊನೆಯ ಗುಡಿಸಲು ದಾಟಿದ ಕೂಡಲೇ ಅವಳ ಕೈ ನನ್ನನ್ನು ಎಡಕ್ಕೆ ಎಳೆಯತೊಡಗಿತು. ನೆಟ್ಟಗೆ ನಡೆ ಯವ್ವಾ ಎಂದೆ. "ನೆಟ್ಟಗ ನಡದೀನಲ್ಲೋ" ಎಂದಳು ಆಶ್ಚರ್ಯದಿಂದ, ಮತ್ತು ಬಾಗುತ್ತಲೇ ಇದ್ದಳು. ಕಣ್ಣಿಲ್ಲ, ವಾಡೆ ಎಲ್ಲಿದೆಯೆಂದು ತೋರಿಸುವವರಿಲ್ಲ, ಪಾದಗಳು ಮಾತ್ರ ತಿಪ್ಪೆಯ ವಾಸನೆಗೂ ಮೊದಲೇ, ಹಳ್ಳದ ಸಪ್ಪಳಕ್ಕೂ ಮೊದಲೇ ಹೊರಳುತ್ತಿದ್ದವು. ಅವಳ ತಾಯಿಯೂ ಹೀಗೆಯೇ ಹೊರಳಿರಬೇಕು. ಒಬ್ಬರ ಮೇಲೊಬ್ಬರು ತುಳಿದು ತುಳಿದು ಆ ಬಾಗು ಈಗ ನೆಲದಲ್ಲಿರಲಿಲ್ಲ, ಮೊಣಕಾಲಿನ ಚಿಪ್ಪಿನೊಳಗಿತ್ತು. ನಾನು ಎರಡೂ ಕೈಗಳಿಂದ ಅವಳ ಭುಜ ಹಿಡಿದು ತಿರುಗಿಸಿದೆ. ಹಾಗೆ ತಿರುಗಿಸುವಾಗ ನನಗೆ ಚಪ್ಪಟೆ ಹುಳದ ನೆನಪಾಯಿತು. ಸಾಹೇಬನಿಗೆ ಗೋಡೆಯೊಳಗೆ ಸಿಕ್ಕ ನಾಲ್ಕನೆಯ ಕಡೆಯೆಂದರೆ ಇಂಥದೇ ಇರಬೇಕು: ಎಲ್ಲಿಯೋ ದೂರ ಇರುವುದಲ್ಲ, ಬೆನ್ನಿಗೇ ತಾಗಿ ಇರುವುದು, ಆದರೆ ಆ ಕಡೆ ಹೊರಳಲು ಮೈಯಲ್ಲಿ ಕೀಲು ಇಲ್ಲದಿರುವುದು. ಅವ್ವ ಒಂದು ಹೆಜ್ಜೆ ಇಟ್ಟಳು. ಕಾಲಡಿಯ ನೆಲ ಬೇರೆಯಾಯಿತೆಂದು ತಿಳಿದು ನಿಂತಳು.

"ಯಾವ ನೆಲನೋ ಇದು, ಕಲ್ಲು ಹಾಸ್ಯಾರ?"

"ಬೀದಿ ಯವ್ವಾ."

ಅವಳು ಬಗ್ಗಿ, ತಡವರಿಸಿ, ಕಾಲಿನ ಕೆರಗಳನ್ನು ತೆಗೆದು ಕಂಕುಳಲ್ಲಿ ಅವುಚಿಕೊಂಡಳು. ನನಗೆ ಸಿಟ್ಟು ಬಂತು. ಮನುಷ್ಯನಾದವನು ಕಲ್ಲುಮಣ್ಣಿನ ಕಟ್ಟಡಕ್ಕೆ ಯಾತಕ್ಕೆ ಹೆದರಬೇಕು, ಒಳಗೆ ದೇಸಾಯಿಯೂ ಇಲ್ಲ, ದೇಸಾಯಿಯ ನೆರಳೂ ಇಲ್ಲ, ಕಾಲಿನ ಕೆರ ಇರುವುದು ಕಾಲಿಗೆ ಎಂದು, ಪುಸ್ತಕದ ನಾಯಕರು ಆಡುವಂಥ ಮಾತುಗಳನ್ನು ಅವ್ವನಿಗೆ ಹೇಳುತ್ತ ನಡೆದೆ. ವಾಡೆಯ ದೊಡ್ಡ ಬಾಗಿಲಿನ ಎದುರಿಗೆ ಬಂದಾಗ, ಮಾತಿಗೆ ತಕ್ಕಂತೆ ಕೈ ಎತ್ತಲು ಹೋದೆ. ಎತ್ತಿದ ಕೈಯಲ್ಲಿ ನನ್ನ ಕೆರಗಳಿದ್ದವು. ಯಾವಾಗ ತೆಗೆದೆನೋ ತಿಳಿಯದು. ಬಗ್ಗಿದ ನೆನಪಿಲ್ಲ. ನಾನು ಓದಿದ ಯಾವ ಪುಟದಲ್ಲಿಯೂ ಇಂಥ ಅವಮಾನಕ್ಕೆ ಹೆಸರಿರಲಿಲ್ಲ. ಅವಮಾನ ಮಾಡಿದವನು ಎದುರಿಗೆ ಇದ್ದರೆ ಹೊಡೆಯಬಹುದಿತ್ತು. ಅವ್ವನಿಗೆ ಕಣ್ಣಿಲ್ಲದ್ದಕ್ಕೆ ಒಂದು ಗಳಿಗೆ ನನಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ಮತ್ತೆ ನಾಚಿಕೆಯಾಯಿತು.

"ಯಾರಲೇ ಅದು?"

ಕಾರಕೂನ ಶರಣಯ್ಯ ಬಾಗಿಲ ಕಟ್ಟೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ. ವಯಸ್ಸಾದವನು, ಕೆಟ್ಟವನೇನಲ್ಲ. ನಮ್ಮನ್ನು ಗುರುತು ಹಿಡಿದು, ಬೀದಿಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದ. "ತಾಯಣ್ಣನ ತಮ್ಮ ಅಲ್ಲೇನು? ಕಣ್ಣಿಲ್ಲದಾಕಿ, ದಾರಿ ತಪ್ಪಿ ಬಂದಾಳ. ಹೋಗ್ರಿ, ಹೊಳ್ಳಿ ಹೋಗ್ರಿ. ಯಾರರ ಕೇಳಿದ್ರ ದಾರಿ ತಪ್ಪಿ ಬಂದಿದ್ರು ಅಂತೀನಿ."

ಹೌದ್ರೀ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಎಷ್ಟು ಹಗುರವಾದ ಮಾತು. ಅದನ್ನು ಆಡಿದ್ದರೆ ಅಣ್ಣನ ಕೆಲಸ ಉಳಿಯುತ್ತಿತ್ತು, ಶರಣಯ್ಯನ ಮರ್ಯಾದೆ ಉಳಿಯುತ್ತಿತ್ತು, ನಾವು ಹಳ್ಳದ ದಂಡೆಯಲ್ಲಿ ನೀರು ಇಳಿಯುವುದನ್ನು ಕಾಯುತ್ತ ಕುಳಿತಿರುತ್ತಿದ್ದೆವು, ಶುಕ್ರವಾರ ಮುಗಿಯುತ್ತಿತ್ತು. ಬಯಲಿನ ಹಸಿ ಮಣ್ಣಿನಲ್ಲಿ ಮೂಡಿದ್ದ ಬಿಲ್ಲು ನನ್ನ ಕಣ್ಣ ಮುಂದೆ ಬಂತು. ನಾನು ಕೆರಗಳನ್ನು ಕಲ್ಲುಹಾಸಿನ ಮೇಲೆ ಇಟ್ಟೆ. ಒಂದೊಂದಾಗಿ ಮೆಟ್ಟಿದೆ. ಅವ್ವನ ಕಂಕುಳಿನಿಂದ ಅವಳವನ್ನೂ ತೆಗೆದುಕೊಂಡು, ಅವಳ ಪಾದವನ್ನು ಹಿಡಿದೆತ್ತಿ ತೊಡಿಸಿದೆ. ಅವಳು ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

"ದಾರಿ ತಪ್ಪಿಲ್ರಿ ಅಯ್ಯನವರ. ಬಸ್ಸಿಗೆ ಹೊಂಟೀವಿ. ಇದೇ ದಾರಿ."

ಶರಣಯ್ಯ ಬಾಯೊಳಗಿನದನ್ನು ಉಗುಳಿದ. "ಹಂಗಾದ್ರ ತಾಯಣ್ಣಗ ನಾಳಿಂದ ಬರಬ್ಯಾಡ ಅಂತ ಹೇಳು. ನನ್ನ ಮ್ಯಾಲ ಸಿಟ್ಟು ಮಾಡ್ಕೊಬ್ಯಾಡ್ರಿ. ನಾನೂ ಉಣ್ಣಾವ."

ಬಸ್ಸು ಏರಿನಲ್ಲಿ ಹೊಗೆ ಕಾರುತ್ತ ನಿಂತಿತ್ತು. ಕ್ಲೀನರು ಹಿಂದಿನ ಭಟ್ಟಿಗೆ ಇದ್ದಿಲು ಸುರಿದು ತಿದಿ ತಿರುಗಿಸುತ್ತಿದ್ದ. ನಾವು ಹತ್ತಿದೆವು. ಸಿರವಾರ ದಾಟಿದ ಮೇಲೆ ಅವ್ವ, "ಇಷ್ಟೇನೇ?" ಎಂದಳು. ಬಸ್ಸಿನ ಟಿಕೀಟಿನ ವಿಚಾರವೆಂದು ನಾನು ಭಾವಿಸಿದೆ. ಅವಳು ಕೇಳಿದ್ದು ಬೀದಿಯ ವಿಚಾರ. ಒಂದು ಎಲೆ ಅಡಿಕೆ ಜಗಿದು ಮುಗಿಯುವುದರೊಳಗೆ ದಾಟಿಬಿಡುವ ಬೀದಿಗಾಗಿ ಅವಳು ಜನ್ಮವಿಡೀ ಹೊರೆ ಹೆಣ ಹುಲ್ಲು ನೀರು ಎಲ್ಲವನ್ನೂ ಹೊತ್ತುಕೊಂಡು ಹಳ್ಳ ಇಳಿದು ಹತ್ತಿದ್ದಳು. ನಾನು ಇಷ್ಟೇ ಎಂದೆ, ಕಿಟಕಿಯ ಹೊರಗೆ ನೋಡುತ್ತ.

ಮಾನ್ವಿಯ ಧರ್ಮಶಾಲೆಯಲ್ಲಿ ಕೊಯ್ದ ಕಣ್ಣಿನವರು ಸಾಲಾಗಿ ಚಾಪೆಯ ಮೇಲೆ ಮಲಗಿದ್ದರು, ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟುಕೊಂಡು, ಅಲುಗಾಡದೆ. ಅವ್ವನ ಸರದಿ ಶುಕ್ರವಾರ ಸಂಜೆಯ ಕೊನೆಯದಾಯಿತು. ಪಟ್ಟಿ ಕಟ್ಟಿಸಿಕೊಂಡು ಮಲಗಿದವಳ ಪಕ್ಕದಲ್ಲಿ ಕುಳಿತು ದಿನಗಳನ್ನು ಕಳೆದೆ. ಪುಸ್ತಕದ ಸಾಹೇಬ ಅಡ್ಡದಾರಿಯಲ್ಲಿ ಹೋದಾಗ ಆತನ ಮನೆಯಲ್ಲಿ ಉಳಿದವರಿಗೆ ಏನಾಯಿತೆಂದು ಅಮೀರ್ ಸಾಬ್ ಓದಿರಲಿಲ್ಲ. ಬಹುಶಃ ಬರೆದವನಿಗೇ ಹೊಳೆದಿರಲಿಲ್ಲ. ನನಗೆ ಅದು ತಿಳಿದದ್ದು ತಾಯಣ್ಣ ರೊಟ್ಟಿಯ ಗಂಟು ಹೊತ್ತು ಬಂದ ದಿನ. ಅವನು ಅವ್ವನ ಪಾದದ ಹತ್ತಿರ ಕುಳಿತು, ನನ್ನ ಮುಖ ನೋಡದೆ ಹೇಳಿದ:

"ನಿನ್ನ ಅಡ್ಡದಾರಿ ಛಲೋ ಆತು ತಮ್ಮಾ. ನನ್ನ ಒಲಿ ಆರ್ತು. ಈಗ ಸಿರವಾರ ರಸ್ತಾದಾಗ ಕಲ್ಲಿನ ಖಡಿ ಒಡ್ಯಾಕತ್ತೀನಿ." ಅಂಗೈ ಬಿಚ್ಚಿ ತೋರಿಸಿದ, ಬೊಕ್ಕೆಗಳೆದ್ದಿದ್ದವು. ನಾನು ಆ ಕೈಯನ್ನು ಹಿಡಿಯಲು ಹೋದೆ. ಅವನು ಹಿಂದಕ್ಕೆ ತೆಗೆದುಕೊಂಡ. "ಶರಣಯ್ಯ ಒಂದು ಮಾತು ಹೇಳಿ ಕಳಿಸ್ಯಾನ. ಅವ್ವನ್ನ ಹಿಂದಿನ ದಾರೀಲೇ, ಸುಮ್ಮಕ ಕರಕೊಂಡು ಬಂದ್ರ, ಆದದ್ದು ಆತು ಅಂತ ಕೊಟಗಿ ಕೆಲಸ ಮತ್ತ ಕೊಡ್ತಾನಂತ. ಹಳ್ಳನೂ ಇಳದದ."

ಅವ್ವ ಪಟ್ಟಿಯ ಕೆಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಳು. ಬೇಡವೆನ್ನುವ ಹಕ್ಕು ನನಗಿರಲಿಲ್ಲ, ಬೊಕ್ಕೆ ಎದ್ದದ್ದು ನನ್ನ ಅಂಗೈಯಲ್ಲಲ್ಲ.

ಕೆಲವು ದಿನಗಳ ಮೇಲೆ ಕಂಪೌಂಡರು ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕವನ್ನು ದಾರ ಕಟ್ಟಿ ಅವ್ವನ ಕಿವಿಗೆ ಸಿಕ್ಕಿಸಿದರು. ಅಂದು ತಾಯಣ್ಣನೂ ಬಂದಿದ್ದ. ಗಾಜಿನ ಹಿಂದೆ ಅವಳ ಕಣ್ಣು ಆಕಳಿನ ಕಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅವಳು ಮೊದಲು ನಮ್ಮಿಬ್ಬರ ಮುಖ ನೋಡಿದಳು, ಮುಟ್ಟಿ ಖಾತ್ರಿ ಮಾಡಿಕೊಂಡಳು. ಆಮೇಲೆ ಬಾಗಿಲಿನ ಚೌಕಟ್ಟು ನೋಡಿ ಬೆರಗಾದಳು.

"ಇದೇನೋ, ಬಾಗಲಾ ಬಾಗೇದ. ಕಂಬನೂ ಬಾಗೇದ. ಎಲ್ಲಾ ಬಿಲ್ಲಾಗೇದಲ್ಲೋ."

ಕಂಪೌಂಡರು ನಕ್ಕರು. "ದಪ್ಪ ಗಾಜಿನಾಗ ಹಂಗೇ ಕಾಣತದಬೇ. ಕಂಬ ನೆಟ್ಟಗೇ ಅದ. ನಡಕೋತ ನಡಕೋತ ರೂಢಿ ಆಗ್ತದ."

ಅವ್ವ ಎದ್ದು, ಕೈ ಮುಂದೆ ಚಾಚದೆ, ಬಾಗಿ ಕಾಣುತ್ತಿದ್ದ ಬಾಗಿಲಿನತ್ತ ನಡೆದಳು. ಹೊಸ್ತಿಲಲ್ಲಿ ನಿಂತು ಕಂಬವನ್ನು ಮೇಲಿನಿಂದ ಕೆಳಗೆ ಸವರಿದಳು; ಕೈಗೆ ಅದು ನೆಟ್ಟಗಿತ್ತು. ಕಣ್ಣನ್ನು ನಂಬಬೇಕೋ ಕೈಯನ್ನೋ ಎಂದು ಅವಳು ಎಣಿಸುತ್ತಿರುವುದನ್ನು ನಾನು ನೋಡುತ್ತ ನಿಂತೆ. ಅಮೀರ್ ಸಾಬ್ ಹೇಳಿದ್ದೆಲ್ಲ ಆಗ ನನಗೆ ಮಂಚದ ಮೇಲಿನ ಆಟದಂತೆ ಕಂಡಿತು. ಅವಳು ತಿರುಗಿ ಅಣ್ಣನನ್ನು ಕೇಳಿದಳು:

"ತಾಯಾ, ವಾಡೇದ ಮಾರಿ ಹ್ಯಾಂಗದೋ?"

ತಾಯಣ್ಣ ಹುಟ್ಟಿದಂದಿನಿಂದ ಅದರ ಬೆನ್ನನ್ನು ಮಾತ್ರ ಬಲ್ಲವನು. "ನಾ ಎಲ್ಲಿ ನೋಡೀನಿ? ಸುಂಕಪ್ಪಗ ಕೇಳು, ಮುಂದ ಹಾದು ಬಂದಾನಲ್ಲ ಪಾಳೇಗಾರ."

ಅವ್ವ ನನ್ನತ್ತ ನೋಡಿದಳು. ನಾನು ನೆನೆಸಿಕೊಳ್ಳಲು ನೋಡಿದೆ. ಕಲ್ಲುಹಾಸು ನೆನಪಿತ್ತು, ಅವ್ವನ ಹಿಮ್ಮಡಿ ನೆನಪಿತ್ತು, ಶರಣಯ್ಯ ಉಗುಳಿದ ಜಾಗ ನೆನಪಿತ್ತು. ಬಾಗಿಲಿನ ಮೇಲೆ ಏನಿದೆ, ಕಿಟಕಿಗಳು ಎಷ್ಟು, ಗೋಡೆಗೆ ಯಾವ ಬಣ್ಣ, ಒಂದೂ ಇಲ್ಲ. ನಾನು ಆ ಬೀದಿಯುದ್ದಕ್ಕೂ ತಲೆ ಎತ್ತಿರಲಿಲ್ಲ. ಹಾಗೆಂದು ಹೇಳಿದೆ.

"ಮೂರು ಮಂದಿ ಅದೀವಿ, ಒಬ್ಬರೂ ನೋಡಿಲ್ಲ" ಎಂದಳು ಅವ್ವ. ಕನ್ನಡಕದ ದಾರವನ್ನು ಬಿಗಿ ಮಾಡಿಕೊಂಡಳು. "ಮುಂದಿನ ಬೀದ್ಯಾಗ ಹಾದು ನಾ ನೋಡ್ತೀನಿ. ತಾಯಾ, ಖಡಿ ಒಡಿಯೋದು ದುಡಿಮಿನೇ ಅಲ್ಲೇನು?"

ತಾಯಣ್ಣ ತನ್ನ ಅಂಗೈ ನೋಡಿಕೊಂಡ. ಅಂಗಳದಲ್ಲಿ ಯಾರದೋ ಕೋಳಿ ಕೆದರುತ್ತಿತ್ತು, ಅದನ್ನು ನೋಡಿದ. "ನಿಂತ್ರ ಬಸ್ಸು ಹೋಗತದ" ಎಂದ ಕೊನೆಗೆ. "ತಪ್ಪಿದ್ರ ಮತ್ತ ನನ್ನ ಮ್ಯಾಲ ಹಾಕಬ್ಯಾಡ್ರಿ. ಏಳಲೇ."

ನಾನು ಚಾಪೆ ಸುತ್ತಿದೆ. ಕಣ್ಣಿಗೆ ಹಾಕುವ ಔಷಧದ ಶೀಶೆಯನ್ನು ರೊಟ್ಟಿಯ ಬಟ್ಟೆಯಲ್ಲಿ ಮುರಿಯದಂತೆ ಸುತ್ತಿ, ಕಂಬಳಿಯ ನಡುವೆ ಇಟ್ಟು, ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡೆ. ತಾಯಣ್ಣ ಆಗಲೇ ಅಂಗಳ ದಾಟಿದ್ದ. ಅವ್ವ ನನ್ನ ಕೈ ಕೇಳಲಿಲ್ಲ. ಬಾಗಿದ ಕಂಬಗಳ ನಡುವಿನಿಂದ, ಬಾಗಿದ ರಸ್ತೆಗೆ, ಒಂದೊಂದು ಹೆಜ್ಜೆಯನ್ನೂ ನೋಡಿ ಇಡುತ್ತ ಅವಳು ಮುಂದೆ ನಡೆದಳು. ನಾನು ಹಿಂದೆ ಹೊರಟೆ.